ಕಪ್ಪು ಹೊಗೆ ಬೇಡವೆಂದ ಡಾಕ್ಟರು

ವಿಶಾಲಾಕ್ಷಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವಳ ಕೈಕೆಳಗೆ ಕಲಿತ ಡಾಕ್ಟರುಗಳಿಗೆಲ್ಲ ಇದು ಗೊತ್ತು. ದಾವಣಗೆರೆಯಿಂದ ಕಾಶಿಗೆ ಬಂದು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಶ್ವಾಸಕೋಶದ ಡಾಕ್ಟರಾಗಿ ತಲೆಗೂದಲು ನೆರೆಸಿಕೊಂಡವಳು. ಶಿವಾಲ ಬಡಾವಣೆಯ ಅವಳ ಮನೆಯ ಗೋಡೆಯ ಮೇಲೆ ದೇವರ ಪಟ ಒಂದೇ ಒಂದು. ಮಿಕ್ಕದ್ದೆಲ್ಲ ಉಗಿ ಎಂಜಿನ್ನುಗಳ ಫೋಟೊ, ಅವಳೇ ತೆಗೆದದ್ದು.

"ವಾರವೆಲ್ಲ ರೋಗಿಗಳಿಗೆ ಹೊಗೆ ಬೇಡ ಅಂತ ಬೈತೀಯಾ, ಭಾನುವಾರ ಹೊಗೆ ಹಿಂದೆ ಓಡ್ತೀಯಾ," ಎಂದು ಮಗಳು ಶರಣ್ಯಾ ಅರ್ಧ ಹಿಂದಿಯಲ್ಲಿ ಛೇಡಿಸುತ್ತಾಳೆ.

"ನಾನು ತೆಗೆಯೋದು ಉಗಿ ಕಣೆ, ಹೊಗೆ ಅಲ್ಲ," ಎನ್ನುತ್ತಾಳೆ ತಾಯಿ.

ಗಂಗೆಯಾಚೆ ಹಳೆಯದೊಂದು ಕವಲು ಹಳಿಯಿದೆ. ಚಳಿಗಾಲದ ಭಾನುವಾರಗಳಲ್ಲಿ ಅಲ್ಲಿ ಒಂದು ಸಮಿತಿಯವರು ಪಾರಂಪರಿಕ ಉಗಿ ರೈಲು ಓಡಿಸುತ್ತಾರೆ. ಒಂದು ಭಾನುವಾರ ಫೋಟೊ ತೆಗೆಯುವವರಿಗೆಂದೇ ವಿಶೇಷ ಓಟವಿತ್ತು. ಎಲ್ಲರೂ ಹಳ್ಳಿಯೊಂದರ ಬಳಿ ಇಳಿದು ಸಾಸಿವೆ ಹೊಲದಂಚಿನಲ್ಲಿ ಸಾಲಾಗಿ ನಿಂತರು. ರೈಲು ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬಂತು. ಬಿಸಿಲು ಹದವಾಗಿತ್ತು. ಚಿಮಣಿಯಿಂದ ಬಿಳಿ ಎಳೆಯಂತೆ ಉಗಿ ಎದ್ದಿತು. ವಿಶಾಲಾಕ್ಷಿಗೆ ಬೇಕಾದ ಚಿತ್ರ ಸಿಕ್ಕಿತು.

ಓಟ ಏರ್ಪಡಿಸಿದ್ದ ವಿನಯನಿಗೆ ಸಿಕ್ಕಿರಲಿಲ್ಲ. "ಇದೇನು ಊದುಬತ್ತಿಯಾ? ದಿಲ್ಲಿಯಿಂದ ಜನ ಬಂದಿದ್ದಾರೆ, ಕಪ್ಪಗೆ ಬರಲಿ," ಎಂದು ಎಂಜಿನ್ನಿನತ್ತ ಕೂಗಿ, ತನ್ನವರಿಂದ ಒಂದು ಗೋಣಿಚೀಲ ಹತ್ತಿಸಿದ. ಅದರಲ್ಲಿ ಕತ್ತರಿಸಿದ ಟೈರಿನ ತುಂಡುಗಳಿದ್ದವು.

ಬೆಂಕಿಗೆ ಕಲ್ಲಿದ್ದಲು ಹಾಕುವ ರಾಮಜತನ್ ಆ ತುಂಡುಗಳನ್ನೂ ಹಾಕಿದ. ಮುಂದಿನ ಸಲ ರೈಲು ಬಂದಾಗ ಆಕಾಶ ಕಾಣದಷ್ಟು ಕಪ್ಪು ಹೊಗೆ. ಕ್ಯಾಮೆರಾಗಳು ಪಟಪಟನೆ ಸದ್ದು ಮಾಡಿದವು, ವಿಶಾಲಾಕ್ಷಿಯದೂ; ಯಾರೋ ಶಿಳ್ಳೆ ಹಾಕಿದರು. ಗಾಳಿ ಹಳ್ಳಿಯ ಕಡೆಗಿತ್ತು. ರೈಲು ನೋಡಲು ಬಂದಿದ್ದ ಹೆಂಗಸರು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೂಸುಗಳನ್ನು ಎತ್ತಿಕೊಂಡು ಓಡಿದರು. ನಿಂತ ಎಂಜಿನ್ನಿನ ಮೆಟ್ಟಿಲು ಹಿಡಿದು ರಾಮಜತನ್ ಕೆಮ್ಮುತ್ತಿದ್ದ. ಆ ಕೆಮ್ಮು ಎಂಥದ್ದೆಂದು ವಿಶಾಲಾಕ್ಷಿಗೆ ದೂರದಿಂದಲೇ ತಿಳಿಯಿತು.

"ಇನ್ನೊಂದು ಸಲ," ಎಂದ ವಿನಯ.

ಅವಳು ಎಂಜಿನ್ನು ಹತ್ತಿ ಚೀಲದ ಮೇಲೆ ಕೂತುಬಿಟ್ಟಳು.

"ಮೇಡಂ, ಇಳೀರಿ. ಬೆಳಕು ಹೋಗ್ತಿದೆ."

"ಹೋಗಲಿ," ಎಂದಳು. ದನಿ ತೀರ ಇಳಿದಿತ್ತು. "ನಿನ್ನ ಫೋಟೊ ಚೆಂದ ಬರಲಿ ಅಂತ ಈ ಮನುಷ್ಯ ಟೈರು ಕುಡೀಬೇಕಾ? ಆ ಕೂಸುಗಳು ಕುಡೀಬೇಕಾ? ಕಪ್ಪು ಬೇಕಿದ್ದರೆ ನಿನ್ನ ಮುಖಕ್ಕೆ ಬಳ್ಕೋ."

ಸಾಲಿನಲ್ಲಿದ್ದವರು ಬೈದರು. ಜೊತೆಗೆ ಚಹಾ ಕುಡಿದ ಗೆಳೆಯರೇ "ಹುಚ್ಚು ಹೆಂಗಸು" ಎಂದದ್ದು ಅವಳ ಕಿವಿಗೆ ಬಿತ್ತು. ಅವಳು ಇಳಿಯಲಿಲ್ಲ. ಓಟ ಅಲ್ಲಿಗೇ ನಿಂತಿತು.

ವಾರ ಕಳೆಯುವುದರೊಳಗೆ ರಾಮಜತನ್ ಶಿವಾಲದ ಮನೆ ಹುಡುಕಿಕೊಂಡು ಬಂದ. ಕೂರಲು ಒಪ್ಪಲಿಲ್ಲ. "ನಾನೇ ನಿಮ್ಮನ್ನ ಎತ್ತಿಕಟ್ಟಿದೆ ಅಂತ ಕೆಲಸದಿಂದ ತೆಗೆದರು. ನಿಮ್ಮ ಸಿಟ್ಟಿಗೆ ನನ್ನ ಒಲೆ ಆರಿತು, ಡಾಕ್ಟರ್ ಸಾಹೇಬ್. ನಾನು ಕೇಳಿದ್ನಾ ನಿಮ್ಮನ್ನ?"

ಇಲ್ಲ, ಅವನು ಕೇಳಿರಲಿಲ್ಲ. ವಿನಯನ ಮೇಲಿದ್ದ ಸಿಟ್ಟು ಈಗ ತನ್ನ ಮೇಲೂ ಅಷ್ಟೇ ಉರಿಯಿತು.

"ಬಾ," ಎಂದು ಚಪ್ಪಲಿ ಮೆಟ್ಟಿದಳು.

ಗೋದೌಲಿಯಾ ಚೌಕದ ನೂಕುನುಗ್ಗಲಿನಲ್ಲಿ ರಿಕ್ಷಾ ಸಿಕ್ಕಿಕೊಂಡಾಗ ಇಬ್ಬರೂ ಇಳಿದು ನಡೆದೇ ಹೋದರು. ಸಮಿತಿಯ ಕಚೇರಿಯಲ್ಲಿ ಕಾರ್ಯದರ್ಶಿ ನಗುತ್ತ ಎದ್ದು ನಿಂತ, ಚಹಾ ತರಿಸಿದ. ಅವಳು ಲೋಟ ಮುಟ್ಟಲಿಲ್ಲ.

"ಇವನನ್ನ ವಾಪಸ್ ತಗೊಳ್ಳಿ. ಆ ಬೆಂಕಿಗೆ ಇನ್ನು ಕಲ್ಲಿದ್ದಲು ಬಿಟ್ಟು ಬೇರೇನೂ ಬೀಳಬಾರದು. ಟೈರು ಸುಟ್ಟದ್ದು ನನ್ನ ಕ್ಯಾಮೆರಾದಲ್ಲೂ ಇದೆ. ಇಲ್ಲದಿದ್ದರೆ ಅದನ್ನ ಎಲ್ಲಿ ತೋರಿಸಬೇಕೋ ಅಲ್ಲಿ ತೋರಿಸ್ತೀನಿ."

ಕಾರ್ಯದರ್ಶಿಯ ನಗು ಹೋಯಿತು. "ಆಗಲಿ. ಆದರೆ ನೀವು ಮತ್ತೆ ನಮ್ಮ ರೈಲು ಹತ್ತಬೇಡಿ," ಎಂದ.

"ಬೇಡ ಬಿಡಿ."

ರಾಮಜತನ್‌ಗೆ ಕೆಲಸ ಮರಳಿತು. ಎದೆ ತೋರಿಸಲು ಆಸ್ಪತ್ರೆಗೂ ಬಂದ, ಮುಖ ಗಂಟಿಕ್ಕಿಕೊಂಡೇ. ಔಷಧಿ ಬರೆಸಿಕೊಂಡು ಥ್ಯಾಂಕ್ಸ್ ಹೇಳದೆ ಹೋದ. ಅದು ಅವಳಿಗೆ ಸರಿಯೆಂದೇ ತೋರಿತು.

ಆ ವರ್ಷ ಊರಿನಲ್ಲಿ ನಡೆದ ಫೋಟೊ ಪ್ರದರ್ಶನದಲ್ಲಿ ಬಹುಮಾನ ಬಂದದ್ದು ವಿನಯನ ಕಪ್ಪು ಹೊಗೆಯ ಫೋಟೊಗೆ. ಅದನ್ನು ಆಳೆತ್ತರಕ್ಕೆ ಹಿಗ್ಗಿಸಿ ಹಾಕಿದ್ದರು. ಹಳ್ಳಿಯ ಮನೆಗಳು ಅದರಲ್ಲಿ ಕಾಣುತ್ತಿರಲಿಲ್ಲ. ಅದರ ಮುಂದೆ ನಿಂತವರಿಗೆಲ್ಲ ಅವಳು ಅದರೊಳಗೆ ಉರಿದದ್ದೇನೆಂದು ಹೇಳಿದಳು, ಕಾವಲುಗಾರ ಬಂದು ಹೊರಗೆ ಕಳಿಸುವವರೆಗೂ.

ಈಗ ಅವಳು ಆ ಹಳಿ ದಾಟುವ ರಸ್ತೆಯ ಮೇಲ್ಸೇತುವೆಯಿಂದ ಫೋಟೊ ತೆಗೆಯುತ್ತಾಳೆ. ರಸ್ತೆ ಯಾರಪ್ಪನದೂ ಅಲ್ಲ. ರೈಲು ಬರುವಾಗ ಮೊದಲು ನೋಡುವುದು ಚಿಮಣಿಯನ್ನೇ. ಕ್ಯಾಮೆರಾ ಎತ್ತುವುದು ಆಮೇಲೆ.