ಬೆನ್ನು ತಿರುಗಿಸಿ ಕೇಳುತ್ತಿದ್ದ ಮಿಲ್ಲಮ್ಮ

ನನ್ನ ಗಂಟಲನ್ನು ನಂಬಿ ಒಂದು ಎಂಜಿನ್ನನ್ನು ಎರಡು ಸಲ ಬಿಚ್ಚಿದರು. ತಪ್ಪು ಎಂಜಿನ್ನಿನದಲ್ಲ, ಗಂಟಲಿನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಗಂಟಲಿಗೆ ಇನ್ನೂ ಬುದ್ಧಿ ಬಂದಿಲ್ಲ. ಮೊನ್ನೆ ಬಸ್ಸಿನಲ್ಲಿ ಕಂಡಕ್ಟರನ ದನಿ ಮಾಡಿ ಗೆಳೆಯರನ್ನು ನಗಿಸುತ್ತಿದ್ದೆ. ಕಂಡಕ್ಟರ್ ಮುಂದಿನ ಬಾಗಿಲಲ್ಲಿದ್ದ, ನಾನು ಹಿಂದಿನ ಬಾಗಿಲಲ್ಲಿ. ಹಾಗಾಗಿ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ವಿಜಯನಗರದ ಸ್ಟಾಪಿನಲ್ಲಿ ಒಬ್ಬ ಹೆಂಗಸು ಸ್ಟೀಲ್ ಡಬ್ಬವನ್ನು ಅವಚಿಕೊಂಡು ಹತ್ತಿದರು. ಅದರ ಮುಚ್ಚಳದ ಸಂದಿಯಿಂದ ಆಗತಾನೇ ಬೀಸಿದ ರಾಗಿಹಿಟ್ಟಿನ ಬಿಸಿ ವಾಸನೆ ಬಂತು... ನನ್ನ ಗಂಟಲೊಳಗಿದ್ದ ಕಂಡಕ್ಟರ್ ಅಲ್ಲೇ ಇಳಿದುಹೋದ.

ನಾಯಂಡಹಳ್ಳಿಯಲ್ಲಿ ನಮ್ಮ ಮನೆಯ ಎದುರಿಗೇ ಹಿಟ್ಟಿನ ಮಿಲ್ಲಿತ್ತು. ಅದನ್ನು ನಡೆಸುತ್ತಿದ್ದವರನ್ನು ಊರೆಲ್ಲ ಮಿಲ್ಲಮ್ಮ ಎಂದೇ ಕರೆಯುತ್ತಿತ್ತು. ರೆಪ್ಪೆಯ ಮೇಲೂ ಹಿಟ್ಟು, ಕುಂಕುಮದ ಮೇಲೂ ಹಿಟ್ಟು. ಯಂತ್ರಕ್ಕೆ ಬೆನ್ನು ಹಾಕಿ ಕೂತು ಡಬ್ಬಗಳಿಗೆ ಹಿಟ್ಟು ತುಂಬುತ್ತಿದ್ದರು. ಹಾಗೆ ತುಂಬುತ್ತಲೇ, ತಿರುಗಿಯೂ ನೋಡದೆ, "ಕಾಳು ಮುಗೀತು, ಇನ್ನೊಂದು ಮೊರ ಸುರೀರಿ" ಅನ್ನುತ್ತಿದ್ದರು. ಎದ್ದು ನೋಡಿದರೆ ಯಂತ್ರದ ಮೇಲಿನ ಡಬ್ಬಿಯಲ್ಲಿ ನಿಜಕ್ಕೂ ಕಾಳು ಮುಗಿದಿರುತ್ತಿತ್ತು. ನಮ್ಮ ಬೀದಿಯ ಪೋಸ್ಟ್‌ಮ್ಯಾನು, ಪೂಜಾರಿ, ನಮ್ಮಪ್ಪ, ನನ್ನನ್ನು ಪಿಯುಸಿಯಲ್ಲಿ ಫೇಲು ಮಾಡಿದ ಮೇಷ್ಟ್ರು, ಎಲ್ಲರೂ ನನ್ನ ಗಂಟಲಲ್ಲಿ ವಾಸವಿದ್ದರು. ಮಿಲ್ಲಮ್ಮ ಮಾತ್ರ ಬರುತ್ತಿರಲಿಲ್ಲ. ಯಂತ್ರದ ಗದ್ದಲವನ್ನು ಸೀಳಿಕೊಂಡು ಬರುವ ಆ ದನಿಯಲ್ಲಿ ಹಿಡಿದುಕೊಳ್ಳಲು ಒಂದು ಕೊಕ್ಕೆಯೂ ಸಿಗುತ್ತಿರಲಿಲ್ಲ.

ಆ ಎಂಜಿನ್ನು ಬಿಚ್ಚಿದ್ದಕ್ಕೆ ಹಿಂದಿನ ವರ್ಷ ಕೆಂಗೇರಿ ಕೆರೆಯಲ್ಲಿ ಗಣೇಶನನ್ನು ಬಿಡುವಾಗ ಮಿಲ್ಲಮ್ಮನ ಕಿರಿಯ ಮಗ ಮೂರ್ತಿಯ ಜೊತೆಗೇ ಜಾರಿ ನೀರಿಗೆ ಹೋಗಿದ್ದ. ತೆಪ್ಪದವನು ಹುಟ್ಟು ಹಾಕಿಕೊಂಡು ಬರುವಷ್ಟರಲ್ಲಿ ಎರಡು ಸಲ ಮುಳುಗಿ ಎದ್ದಿದ್ದ. ಕೂದಲು ಹಿಡಿದು ಎಳೆದರು, ಬದುಕಿದ. ಆಮೇಲೆ ಆ ಹುಡುಗ ಬಕೆಟ್ಟಿನ ನೀರಿಗೂ ತಲೆ ಬಗ್ಗಿಸುತ್ತಿರಲಿಲ್ಲ. ಮಿಲ್ಲಮ್ಮ ಅದರ ಬಗ್ಗೆ ಯಾರ ಹತ್ತಿರವೂ ಮಾತಾಡಲಿಲ್ಲ. ಮಾತಾಡಿದ್ದು ನಮ್ಮ ಸೋದರಮಾವ. ದಡದಲ್ಲಿ ನಿಂತು ಅದನ್ನೆಲ್ಲ ನೋಡಿದವನು ಅವನು. ಈಜು ಬಾರದು. ಲೇತ್ ಶೆಡ್ ಇತ್ತು, ಆದ್ದರಿಂದ ಬೋಟು ಮಾಡಿದ.

ಅದೂ ಸಾಮಾನ್ಯ ಬೋಟಲ್ಲ, ಜೆಟ್ ಬೋಟು! ಹೊರಗೆ ತಿರುಗುವ ರೆಕ್ಕೆಯಿಲ್ಲ. ಹೊಟ್ಟೆಯೊಳಗಿನ ಪಂಪು ಅಡಿಯಿಂದ ನೀರೆಳೆದು ಹಿಂದಕ್ಕೆ ಉಗುಳಿದರೆ ಬೋಟು ಮುಂದಕ್ಕೆ ಹೋಗಬೇಕು. ನೀರಿಗೆ ಬಿದ್ದವರ ಕೈಕಾಲಿಗೆ ಬ್ಲೇಡು ತಗುಲಬಾರದೆಂದು ಮಾವ ಅದಕ್ಕೇ ಹಟ ಹಿಡಿದಿದ್ದ. ಫೈಬರ್ ಒಡಲನ್ನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಗೆಳೆಯ ಮಾಡಿಕೊಟ್ಟ. ಎಂಜಿನ್ನು ಗುಜರಿಯಿಂದ ತಂದ ಹಳೆ ಮೋಟರ್‌ಬೈಕಿನದು, ಟೂ ಸ್ಟ್ರೋಕ್. ಗಣೇಶ ಸಮಿತಿಯ ಹಿರಿಯರು ಮಾತ್ರ ಮೂಗು ಮುರಿದರು. "ಕೆರೆ ಒಂದ್ ಸುತ್ತು ನಿಲ್ದೆ ಹೊಡೀಲಿ, ಆಮೇಲೆ ನೋಡಾನ. ನಡುನೀರಲ್ಲಿ ನಿಲ್ಲೋ ಬೋಟ್ನ ಎಳ್ಕೊಂಡ್ ಬರೋಕೆ ಇನ್ನೊಂದ್ ಬೋಟ್ ಮಾಡ್ತೀಯೇನಪ್ಪಾ?"

ಮೊದಲ ಓಟಕ್ಕೆ ಮುಂಚೆ ಶೆಡ್ಡಿನಲ್ಲಿ ಪೂಜೆ. ಪೂಜಾರಿ ಬಂದಿರಲಿಲ್ಲ, ಅವರ ದನಿ ನನ್ನ ಹತ್ತಿರ ಇತ್ತಲ್ಲ! ಮೂಗಿನಿಂದಲೇ ಮಂತ್ರದಂಥದ್ದೇನೋ ಹೊರಡಿಸಿ, ಎಂಜಿನ್ನಿಗೆ ಹೂವು ಮುಡಿಸಿ, ಗಂಧ ಕಲಸಿ, ಕಂಡ ಕಡೆಯೆಲ್ಲ ಕುಂಕುಮ ಇಟ್ಟು ಮಂಗಳಾರತಿ ಎತ್ತಿದೆ. ಎಲ್ಲರೂ ನಕ್ಕರು. ಮಾವ ನಗುತ್ತಲೇ ಕೈ ಮುಗಿದ.

ಮಾವ ಕೂತರೆ ಬೋಟಿನ ಮೂತಿ ಆಕಾಶ ನೋಡುತ್ತಿತ್ತು, ಹಾಗಾಗಿ ಓಡಿಸುವ ಕೆಲಸ ನನಗೆ ಬಂತು. ಹೊರಟಾಗ ಏನು ರಭಸ! ಹಿಂದೆ ನೀರು ಎರಡಾಳೆತ್ತರ ಚಿಮ್ಮುತ್ತಿತ್ತು. ಕೆರೆಯ ನಡುವಿಗೆ ಬಂದೆ, ಎಂಜಿನ್ನಿನ ಶಕ್ತಿ ಇಳಿಯಿತು. ಆಕ್ಸಿಲರೇಟರ್ ಎಷ್ಟು ಕೊಟ್ಟರೂ ಎಳೆಯಲಿಲ್ಲ. ಸತ್ತಿತು. ಮುಚ್ಚಳ ತೆಗೆದು ನೋಡಿದರೆ ಟ್ಯಾಂಕಿನ ತುಂಬ ಪೆಟ್ರೋಲು. ನೀರು ಸಿಡಿಯದಂತೆ ಮುಚ್ಚಳವನ್ನು ಮತ್ತೆ ಬಿಗಿದು ಕಿಕ್ ಹೊಡೆದೆ. ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು! ಮತ್ತೆ ಸ್ವಲ್ಪ ದೂರ, ಮತ್ತೆ ಸಾವು.

ದಡಕ್ಕೆ ಬಂದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ. "ಗಾಳಿಗೆ ನಂಗೇನೂ ಕೇಳಿಸ್ಲಿಲ್ಲ ಕಣೋ. ಸಾಯೋವಾಗ ಹೆಂಗೆ ಕೂಗ್ತು? ಮಾಡಿ ತೋರ್ಸು."

ಸುತ್ತ ಅರ್ಧ ನಾಯಂಡಹಳ್ಳಿ ನಿಂತಿತ್ತು. ಅಷ್ಟು ಜನರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಅಭ್ಯಾಸ ನನಗಿರಲಿಲ್ಲ. ದಮ್ಮು ಹತ್ತಿದ ಮುದುಕ ಮೆಟ್ಟಿಲು ಹತ್ತುವ ಹಾಗೆ, "ಗೊರ್... ಗೊರ್... ಹಾ..." ಎಂದು ನರಳಿ, ಎದೆ ಹಿಡಿದು ಹುಲ್ಲಿನ ಮೇಲೆ ಬಿದ್ದುಬಿಟ್ಟೆ. ಜನ ಚಪ್ಪಾಳೆ ಹೊಡೆದರು. ಮಾವನೊಬ್ಬ ನಗಲಿಲ್ಲ. "ಹಂಗಾದ್ರೆ ಪಿಸ್ಟನ್ನು ಬಿಸಿಯಾಗಿ ಹಿಡ್ಕೊತಾ ಐತೆ" ಎಂದು ಗೊಣಗಿಕೊಂಡು ಎಂಜಿನ್ನನ್ನು ಬಿಚ್ಚಿದ. ಪಿಸ್ಟನ್ನು ಒಂದು ಗೀರೂ ಇಲ್ಲದೆ ಕನ್ನಡಿಯ ಹಾಗಿತ್ತು. ಶೆಡ್ಡಿನಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿಗೆ ಆಗಾಗ ಪೆಟ್ರೋಲು ಸುರಿಯುತ್ತ, ನೀರಿನ ಡ್ರಮ್ಮಿನ ಮೇಲಿಟ್ಟು ಓಡಿಸಿದರೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಎರಡನೇ ಓಟಕ್ಕೆ, ದೇವರಿಗೆ ಕಡಿಮೆ ಬಿತ್ತೇನೋ ಎಂದು, ಗಂಧ ಕುಂಕುಮ ಇನ್ನೂ ಧಾರಾಳವಾಗಿ ಇಟ್ಟೆ. ಬೋಟು ಮೊದಲಿಗಿಂತ ಬೇಗ ನಿಂತಿತು. ಮುದುಕನೂ ಮೊದಲಿಗಿಂತ ಜೋರಾಗಿ ಸತ್ತ. ಈ ಸಲ ಮಾವ ಎಂಜಿನ್ನಿನ ಜೊತೆಗೆ ಪಂಪನ್ನೂ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ. ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಗಣೇಶನನ್ನು ಬಿಡುವ ಭಾನುವಾರ ಹತ್ತಿರ ಬರುತ್ತಿತ್ತು.

ಆ ವಾರವೇ ನಾನು ರಾಗಿ ಡಬ್ಬ ಹಿಡಿದು ಮಿಲ್ಲಿಗೆ ಹೋದದ್ದು. ಸಾಲಿನಲ್ಲಿ ನಿಂತಿದ್ದ ಹೆಂಗಸರು, "ಬೋಟಿನ ಸಾವು ತೋರ್ಸೋ" ಎಂದರು. ನನಗೆ ಇನ್ನೇನು ಬೇಕು? ನರಳಿದೆ, ಬಿದ್ದೆ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಬೆನ್ನು ತಿರುಗಿಸಿ ಕೂತಿದ್ದ ಮಿಲ್ಲಮ್ಮ ಕೇಳಿದರು:

"ಏನ್ಲಾ, ಇದು ನೀನು ಕೇಳಿದ್ದೋ, ಕಟ್ಟಿದ್ದೋ?"

ನಾನು ಹಲ್ಲು ಕಿರಿದೆ.

"ಇವರನ್ನ ನಗ್ಸಿದ್ದಾಯ್ತು. ಈಗ ನೀನು ಕೇಳಿದ್ದನ್ನ ಕೂಗು."

ಯಾಕೋ ಕಣ್ಣು ಮುಚ್ಚಿಕೊಂಡೆ. ಜನರಿಲ್ಲದೆ, ಮುದುಕನಿಲ್ಲದೆ, ಕೆರೆಯ ನಡುವಿನ ಆ ಗಳಿಗೆಯನ್ನು ನೆನಪಿಸಿಕೊಂಡೆ. ತುಂಬು ದನಿಯಲ್ಲಿ ಡುರ್ ಎನ್ನುತ್ತಿದ್ದ ಎಂಜಿನ್ನು ಸಣ್ಣಗೆ ಟಿರಿರಿ ಎಂದು ತೆಳುವಾಗಿ, ಮೇಲಕ್ಕೇರಿ, ಒಂದೆರಡು ಸಲ ಬಿಕ್ಕಿ ನಿಂತದ್ದು... ಅದನ್ನು ಹಾಗೆಯೇ ಕೂಗಿದೆ. ಯಾರೂ ನಗಲಿಲ್ಲ. ನನ್ನ ಜೀವನದಲ್ಲೇ ಯಾರೂ ನಗದ ಮೊದಲ ಮಿಮಿಕ್ರಿ ಅದು.

"ಇದು ದಮ್ಮಲ್ಲ ಕಣೋ" ಎಂದರು ಮಿಲ್ಲಮ್ಮ. "ಹಸಿವು. ಕಾಳು ಜಾಸ್ತಿ ಬಿದ್ರೆ ನನ್ ಕಲ್ಲು ನರಳ್ತದೆ. ಕಾಳು ಬೀಳ್ದಿದ್ರೆ ಹಿಂಗೇ ಕೀರ್‌ಗುಟ್ತದೆ. ಅದಕ್ಕೆ ಹೊಟ್ಟೆಗೆ ಸಿಗ್ತಿಲ್ಲ."

"ಟ್ಯಾಂಕ್ ತುಂಬಾ ಪೆಟ್ರೋಲ್ ಇತ್ತು, ಅಕ್ಕಾ. ಮುಚ್ಚಳ ತೆಗ್ದು ನಾನೇ ನೋಡ್ದೆ. ಆಮೇಲೆ ಒಂದೇ ಕಿಕ್ಕಿಗೆ ಹೊರಡ್ತು."

"ಮುಚ್ಚಳ ತೆಗ್ದ್ಮೇಲೆ ಹೊರಡ್ತು?"

"ಹೂಂ."

ಮಿಲ್ಲಮ್ಮ ಎದ್ದರು. ಕಾಳು ಬೀಳುತ್ತಿರುವಾಗಲೇ ಯಂತ್ರ ನಿಲ್ಲಿಸಿದರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಬೀದಿಯೇ ಕಿವುಡಾದಂತಾಯಿತು. ಹಿಟ್ಟು ಮೆತ್ತಿದ ಸೀರೆಯಲ್ಲೇ ಅವರು ಮುಂದೆ, ನಾನು ಹಿಂದೆ, ಸಾಲಿನ ಹೆಂಗಸರೆಲ್ಲ ಡಬ್ಬ ಹಿಡಿದುಕೊಂಡು ನಮ್ಮ ಹಿಂದೆ.

ಶೆಡ್ಡಿನಲ್ಲಿ ಮಾವ ಮೂರನೇ ಸಲ ಬಿಚ್ಚಲು ಸ್ಪ್ಯಾನರ್ ಹಿಡಿದಿದ್ದ. "ಅದನ್ನ ಕೆಳಗಿಡು, ತಮ್ಮಾ" ಎಂದರು ಮಿಲ್ಲಮ್ಮ. "ಟ್ಯಾಂಕಿನ ಪೈಪು ಕಿತ್ತು ಬಾಟ್ಲಿಗೆ ಬಿಡು. ಮುಚ್ಚಳ ಮಾತ್ರ ಕೆರೇಲಿ ಬಿಗೀತಿದ್ರಲ್ಲ, ಹಂಗೇ ಬಿಗಿ."

ಮಾವ ಹಾಗೇ ಮಾಡಿದ. ಪೆಟ್ರೋಲು ಮೊದಲು ಧಾರೆಯಾಗಿ ಸುರಿಯಿತು. ಆಮೇಲೆ ದಾರದಷ್ಟಾಯಿತು. ಆಮೇಲೆ ಹನಿ... ಆಮೇಲೆ ಅದೂ ಇಲ್ಲ. ತುಂಬಿದ ಟ್ಯಾಂಕಿನ ಕೆಳಗೆ ಬಾಟಲಿ ಬಾಯಿ ತೆರೆದುಕೊಂಡು ಕಾದಿತ್ತು. ಮಿಲ್ಲಮ್ಮ ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿದರು. ಸ್ಸ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಎಲ್ಲರಿಗೂ ಕೇಳಿಸಿತು. ಪೆಟ್ರೋಲು ಮತ್ತೆ ಧಾರೆಯಾಗಿ ಇಳಿಯಿತು.

"ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಹೊಡೀತೀವಿ? ಒಂದು ಎಣ್ಣೆ ಬರೋಕೆ, ಇನ್ನೊಂದು ಗಾಳಿ ಹೋಗೋಕೆ. ಇದಕ್ಕೂ ಇರಬೇಕಲ್ಲ?"

ಮುಚ್ಚಳವನ್ನು ಸೆರಗಿನಿಂದ ಉಜ್ಜಿದರು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ನಡುವೆ ಚುಚ್ಚಿದರು. ಒಣಗಿ ಕಲ್ಲಾಗಿದ್ದ ಗಂಧ ಕುಂಕುಮ ಚಕ್ಕೆಯಾಗಿ ಎದ್ದು ಬಂತು. ಅದರ ಅಡಿಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ತೂತು, ಟ್ಯಾಂಕು ಉಸಿರಾಡುವ ತೂತು.

ಮಾವನ ಮುಖ ಬೆಳ್ಳಗಾಯಿತು. ಟೂ ಸ್ಟ್ರೋಕಿನಲ್ಲಿ ಆಯಿಲ್ಲನ್ನು ಪೆಟ್ರೋಲಿನಲ್ಲೇ ಕಲಸಿರುತ್ತಾರೆ, ಪೆಟ್ರೋಲ್ ಸಿಗದಿದ್ದರೆ ಆಯಿಲ್ಲೂ ಇಲ್ಲ. ಇನ್ನೆರಡು ಸಲ ಹೀಗೇ ಓಡಿಸಿದ್ದರೆ ಪಿಸ್ಟನ್ನು ನಿಜವಾಗಿಯೂ ಹಿಡಿದುಕೊಳ್ಳುತ್ತಿತ್ತು. ನಾನು ಸುಳ್ಳುಸುಳ್ಳೇ ನಟಿಸಿದ ಸಾವು ಅದಕ್ಕೆ ಬರುವುದರಲ್ಲಿತ್ತು.

"ಈ ತೂತಿಗೇ ಬೊಟ್ಟಿಡು ಅಂತ ನಿಂಗ್ಯಾರ್ ಹೇಳಿದ್ರಲಾ?" ಎಂದ ಮಾವ. ಎಲ್ಲ ಡಬ್ಬಗಳೂ ನನ್ನ ಕಡೆ ತಿರುಗಿದವು. ಮಾವನ ಕೈ ಮೇಲೆದ್ದಿತು. ಅಷ್ಟರಲ್ಲಿ ಮಿಲ್ಲಮ್ಮ ಒಂದು ಮಾತು ಹೇಳಿದರು, ಎದ್ದ ಕೈ ಹೊಡೆಯುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡಿತು. ಶೆಡ್ಡು ಅಷ್ಟು ನಕ್ಕದ್ದನ್ನು ನನ್ನ ಯಾವ ಮಿಮಿಕ್ರಿಗೂ ನಾನು ಕಂಡಿಲ್ಲ.

ಭಾನುವಾರ ಬೆಳಿಗ್ಗೆ, ಗಣೇಶಗಳು ಬರುವ ಮುಂಚೆ, ಸಮಿತಿಯ ಹಿರಿಯರು ದಡದಲ್ಲಿ ಸಾಲಾಗಿ ನಿಂತರು. ನಾನು ಹೊರಟೆ. ಕೆರೆಯ ನಡುವಿನ ಆ ಜಾಗ ದಾಟುವಾಗ ಉಸಿರು ಹಿಡಿದಿದ್ದೆ. ದನಿ ತೆಳುವಾಗಲಿಲ್ಲ. ತಿರುಗಿ ದಡದ ಕಡೆ ನೋಡಿದೆ. ಎಲ್ಲರೂ ಬೋಟನ್ನು ನೋಡುತ್ತಿದ್ದರು. ಮಿಲ್ಲಮ್ಮ ಒಬ್ಬರೇ ಕೆರೆಗೆ ಬೆನ್ನು ತಿರುಗಿಸಿ, ಮಗನ ಕೈ ಹಿಡಿದು, ತಲೆ ಸ್ವಲ್ಪ ಓರೆ ಮಾಡಿ ನಿಂತಿದ್ದರು. ಕೇಳಿಸಿಕೊಳ್ಳುತ್ತಿದ್ದರು. ಇಡೀ ಕೆರೆಯನ್ನು ಆ ಬೆನ್ನು ಕೇಳಿಸಿಕೊಳ್ಳುತ್ತಿತ್ತು.

ಸುತ್ತು ಮುಗಿಸಿ ಬಂದಾಗ ಎಂಜಿನ್ ಆರಿಸಲು ಅವರು ಬಿಡಲಿಲ್ಲ. ಮಗನನ್ನು ಮುಂದಕ್ಕೆ ತಂದು, "ಇವನನ್ನ ಕೂರಿಸ್ಕೊಂಡು ಇನ್ನೊಂದ್ ಸುತ್ತು ಹೋಗು" ಎಂದರು. ಹುಡುಗ ನನ್ನ ಸೊಂಟವನ್ನು ಉಸಿರುಗಟ್ಟುವಂತೆ ತಬ್ಬಿಕೊಂಡಿದ್ದ. ಆಚೆ ದಡ ಬರುವ ಹೊತ್ತಿಗೆ ಒಂದು ಕೈ ಬಿಟ್ಟು ನೀರು ಮುಟ್ಟಿದ.

ಬೋಟು ಕೆರೆಯಲ್ಲಿ ಉಳಿಯಿತು. ಮಿಲ್ಲು ಉಳಿಯಲಿಲ್ಲ, ಈಗ ಅಲ್ಲಿ ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಇದೆ. ವರ್ಷಗಟ್ಟಲೆ ಒಳಗೆ ಹೋದ ಹಿಟ್ಟಿನ ಧೂಳು ಮಿಲ್ಲಮ್ಮನ ಎದೆಯಲ್ಲಿ ಕೂತಿತ್ತು. ಕೊನೆಯ ಸಲ ನೋಡಲು ಹೋದಾಗ ಅವರ ಉಸಿರು ಸಣ್ಣಗೆ, ತೆಳುವಾಗಿ, ಮೇಲಕ್ಕೇರಿ ಬಿಕ್ಕುತ್ತಿತ್ತು... ಆ ದನಿ ನನಗೆ ಗೊತ್ತಿತ್ತು. ಯಾವ ಮುಚ್ಚಳ ತೆಗೆಯಬೇಕೋ ಗೊತ್ತಿರಲಿಲ್ಲ.

ಬಸ್ಸಿನ ಹೆಂಗಸು ಕೆಂಗೇರಿಯಲ್ಲಿ ಇಳಿದರು, ವಾಸನೆಯೂ ಇಳಿಯಿತು. ಗೆಳೆಯರು, "ಏನ್ ಗುರು, ಸೈಲೆಂಟ್ ಆಗ್ಬಿಟ್ಟೆ? ಇನ್ನೊಂದು ದನಿ ಮಾಡು" ಎಂದರು. ಮಿಲ್ಲಮ್ಮನ ದನಿಗೆ ಪ್ರಯತ್ನಿಸಿದೆ, ಈಗಲೂ ಬರಲಿಲ್ಲ. ಆದರೆ ಅವತ್ತು ಶೆಡ್ಡಿನಲ್ಲಿ ಮಾವನ ಕೈ ತಡೆದ ಆ ಮಾತು ಮಾತ್ರ ಅಕ್ಷರ ತಪ್ಪದೆ ಬಂತು:

"ಬಿಡು ತಮ್ಮಾ, ಹಣೆಗಿಡೋ ಬೊಟ್ಟನ್ನ ಮೂಗಿಗಿಟ್ಟವ್ನೆ. ಹುಟ್ಟಿದಾಗಿಂದ ಬರೀ ಬಾಯೇ ಆಗಿರೋನಿಗೆ ಮೂಗು ಎಲ್ಲೈತೆ ಅಂತ ಹೆಂಗ್ ಗೊತ್ತಾಗ್ಬೇಕು?"