ದೂತನಿಗಿಂತ ಮೊದಲೇ ಮುಟ್ಟಿದ ಮಾತು

ಐವತ್ತು ದಾಟಿದ ಮೇಲೆ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಹೊರಟವಳು ನಾನು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ವಾದ ಹೂಡುವುದು. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಸಿರ್ಸಿಯ ಕಾರ್ಯಕ್ರಮದಲ್ಲಿ ನನ್ನದು ಸಂಧಾನಕ್ಕೆ ಬಂದ ದೂತ. ಯಲ್ಲಾಪುರದ ಅತ್ತಿಗೆ, ನನ್ನಣ್ಣನ ಹೆಂಡತಿ, ಯುದ್ಧವೇ ಬೇಕೆನ್ನುವ ರಾಜ. ಅವಳ ನಾಲಿಗೆಗೆ ನಮ್ಮ ನೆಂಟರಿಷ್ಟರೆಲ್ಲ ಎಂದೋ ಶರಣಾಗಿದ್ದಾರೆ. ಮೊದಲ ಸಲವೇ ಮಾತು ಹೊರಡದೆ ಕೂತರೆ ಇನ್ನೊಂದು ಸಲ ನನ್ನನ್ನು ಯಾರು ಕರೆದಾರು?

ನಾನಿರುವುದು ಸಿದ್ದಾಪುರ, ಪದ ಹೇಳುವ, ಅಂದರೆ ಪ್ರಸಂಗದ ಹಾಡು ಹಾಡುವ, ಗೆಳತಿ ಸಿರ್ಸಿ. ಮೂರು ಊರಿನವರು ದಿನಾ ಸೇರುವುದೆಲ್ಲಿ? ಮಗಳು ಆನ್‌ಲೈನಿನಲ್ಲಿ ಒಂದು ಡಾಕ್ಯುಮೆಂಟ್ ತೆರೆದು ಮೂವರಿಗೂ ಶೇರ್ ಮಾಡಿಕೊಟ್ಟಳು. ಗೆಳತಿ ಅಲ್ಲಿ ಪದ ತಿದ್ದಿದರೆ ಇಲ್ಲಿ ನನ್ನ ಅಡುಗೆಮನೆಯಲ್ಲಿ ಫೋನಿನ ಮೇಲೆ ಅಕ್ಷರಗಳು ಓಡಾಡುತ್ತಿದ್ದವು. ನನಗೋ ಹುಚ್ಚೇ ಹಿಡಿಯಿತು! ವಿಡಿಯೊ ನೋಡಿ ನೋಡಿ ಆಟೊಮೇಶನ್ ಒಂದನ್ನು ನಾನೇ ಹೂಡಿದೆ: ಡಾಕ್ಯುಮೆಂಟಿನಲ್ಲಿ ಯಾರು ಹೊಸದೇನು ಬರೆದರೂ ಬೆಳಗಿನ ಚಹಾದ ಹೊತ್ತಿಗೆ ಮೂವರ ಫೋನಿಗೂ ತಾನಾಗಿ ಹೋಗಬೇಕು. ಮೊದಲ ದಿನ ಅದು ಟಿಂಗ್ ಎಂದಾಗ ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು, ನಾನು ಕುಣಿಯುತ್ತಿದ್ದೆ.

ಆಮೇಲೆ ತಯಾರಿ. ಶಾಂತಿಯ ಪರವಾಗಿ ಹೊಳೆದ ವಾದವನ್ನೆಲ್ಲ, ದೃಷ್ಟಾಂತ ಸಮೇತ, ಆ ಡಾಕ್ಯುಮೆಂಟಿನಲ್ಲೇ ಬರೆದಿಡುತ್ತ ಹೋದೆ. ಕಲಿಯುವುದು ಇಷ್ಟು ಖುಷಿಯೆಂದು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಆ ದಿನ ಬಂತು, ಮದ್ದಳೆ ನುಡಿಯಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ದೂತನೇ, ಗೆದ್ದವನ ಮನೆಯಲ್ಲೂ ಅಳುವವರಿರುತ್ತಾರೆ ಎನ್ನಲು ಬಂದೆಯಲ್ಲವೇ?" ಎಂದಳು. ಅದು ನನ್ನ ಮಾತು! ಇನ್ನೊಂದಕ್ಕೆ ಕೈಹಾಕಿದರೆ ಅದನ್ನೂ ತಾನೇ ಹೇಳಿ ತಾನೇ ಮುರಿದಳು. ಆಗ ತಲೆಗೆ ಹೋಯಿತು: ನನ್ನ ವಾದಗಳನ್ನೆಲ್ಲ ದಿನಾ ಬೆಳಿಗ್ಗೆ ನಾನೇ ಶತ್ರುವಿನ ಮನೆಗೆ ಮುಟ್ಟಿಸಿದ್ದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ. ನನಗೇ ನಗು ಉಕ್ಕಿತು.

"ರಾಜಾ," ಎಂದೆ, "ನಾನು ಹೇಳಬೇಕಾದ ಒಳ್ಳೆಯ ಮಾತನ್ನೆಲ್ಲ ನೀನೇ ಹೇಳಿದೆ. ಅಂದ ಮೇಲೆ, ತಿಳಿಯದೆ ಯುದ್ಧಕ್ಕಿಳಿದೆ ಎನ್ನುವ ನೆವ ನಿನಗಿನ್ನು ಉಳಿಯಲಿಲ್ಲ."

ಸಭೆ ಚಪ್ಪಾಳೆ ತಟ್ಟಿತು, ಗೆಳತಿ ಮುಂದಿನ ಪದ ಎತ್ತಿಕೊಂಡಳು.

ಮುಗಿದ ಮೇಲೆ ಅತ್ತಿಗೆ ನನ್ನ ತೋಳು ಹಿಡಿದು ನಮ್ಮ ಹವ್ಯಕ ಮನೆಮಾತಿಗಿಳಿದಳು. "ನೀ ಬರದ್ದೆಲ್ಲ ಆನು ಓದ್ಲಿ ಹೇಳೇ ಕಳ್ಸಿದ್ದು ಅಂದ್ಕಂಡಿ ತಂಗಿ. ಕಡೇ ಮಾತೊಂದು ಮಾತ್ರ ಫೋನಿಗೆ ಬರ್ಲೇ ಇಲ್ಲೆ!"

"ಅದನ್ನ ಎಲ್ಲೂ ಬರದ್ನಿಲ್ಲೆ ಅತ್ಗೆ," ಎಂದೆ.

ಮರುದಿನ ಚಹಾದ ಹೊತ್ತಿಗೆ ಫೋನ್ ಟಿಂಗ್ ಎಂದಿತು. ಡಾಕ್ಯುಮೆಂಟಿನ ಕೊನೆಯಲ್ಲಿ ಅತ್ತಿಗೆ ನನ್ನ ಆ ಮಾತನ್ನು ಬರೆದಿಟ್ಟು, ಅದರ ಕೆಳಗೆ ಉತ್ತರದ ಜಾಗವನ್ನು ಖಾಲಿ ಬಿಟ್ಟಿದ್ದಳು.