ಇಪ್ಪತ್ತನಾಲ್ಕು ಡಿಗ್ರಿಯ ಬಿಸಿಲು

ಆ ಆರೋಗ್ಯ ಕೇಂದ್ರದ ನರ್ಸನ್ನು ಊರೆಲ್ಲ ಗಡಿಬಿಡಿ ಸಿಸ್ಟರ್ ಎಂದೇ ಕರೆಯುತ್ತಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆಕೆ ನಿಧಾನವಾಗಿ ನಡೆದದ್ದನ್ನು ಕಂಡವರಿಲ್ಲ. ಸೂಜಿ ಚುಚ್ಚಿದ್ದು ತಿಳಿಯುವಷ್ಟರಲ್ಲಿ ಮುಂದಿನವರನ್ನು ಕರೆದಾಗಿರುತ್ತಿತ್ತು.

ಆ ಬೇಸಿಗೆ ಮೇಲಿನ ಕಚೇರಿಯಿಂದ ಸುತ್ತೋಲೆಯೂ ಒಂದು ತಾಪಮಾಪಕವೂ ಬಂದವು. ಅದು ನಲವತ್ತು ದಾಟಿದರೆ ಬಿಸಿಗಾಳಿ ಎಂದು ಘೋಷಿಸಬೇಕು. ಆಗ ನೆರಳಿಗೆ ಚಪ್ಪರ, ನೀರು, ಔಷಧಿ ಸಿಗುತ್ತದೆ. ಬಿಸಿಲಲ್ಲಿಟ್ಟರೆ ಸರ್ಕಾರಿ ಸಾಮಾನು ಹಾಳಾದೀತೆಂದು ವೈದ್ಯಾಧಿಕಾರಿಗಳು ಅದನ್ನು ತಮ್ಮ ಏಸಿ ಕೋಣೆಯ ಗೋಡೆಗೆ ಹೊಡೆಸಿ ಮೊಹರು ಹಾಕಿಸಿದರು. ಅದು ಇಪ್ಪತ್ತನಾಲ್ಕು ತೋರಿಸುತ್ತಾ ಹಾಯಾಗಿತ್ತು.

ಕೆಲಸದ ಜಾಗದಲ್ಲೇ ಕುಸಿದುಬಿದ್ದ ಗಾರೆ ಮೇಸ್ತ್ರಿಯೊಬ್ಬನನ್ನು ಹೊತ್ತು ತಂದರು.

"ಸಾರ್, ಬಿಸಿಲು ಹೊಡೆದಿದೆ," ಎಂದಳು ಸಿಸ್ಟರ್.

"ಇಪ್ಪತ್ನಾಲ್ಕರಲ್ಲಿ ಎಲ್ಲಿ ಬಿಸಿಲಮ್ಮಾ? ಬೇರೆ ಕಾಯಿಲೆ ಬರ್ಕೊಳ್ಳಿ."

ಸಿಸ್ಟರ್ ಎಲ್ಲರಿಗೂ ಔಷಧಿ ಸರಿಯಾಗಿ ಕೊಟ್ಟಳು, ಕಾಯಿಲೆ ಮಾತ್ರ ಬೇರೆ ಬರೆದಳು. ಮೇಸ್ತ್ರಿಗೆ ನೆಗಡಿ, ಗಾಡಿ ತಳ್ಳುವವನಿಗೆ ಉಳುಕು. ಮೂರನೇ ದಿನ ತಲೆಸುತ್ತಿ ಬಂದ ತನ್ನ ಅತ್ತೆಗೆ, ಕೈ ಓಡಿದ ರಭಸಕ್ಕೆ, ಹಲ್ಲುನೋವು ಎಂದು ಬರೆದುಬಿಟ್ಟಳು.

ಅತ್ತೆ ಚೀಟಿ ಓದಿ ಬೊಚ್ಚುಬಾಯಿ ತೆರೆದರು. "ಹುಡುಕು, ಎಲ್ಲಿದೆ ಹಲ್ಲು?"

ಸಿಸ್ಟರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮರುಕ್ಷಣವೇ ಎದ್ದು, ಹೊರಗಿದ್ದ ಇಪ್ಪತ್ತಾರು ಜನರನ್ನೂ ಸಾಹೇಬರ ಕೋಣೆಗೆ ನುಗ್ಗಿಸಿದಳು.

"ಏನ್ರೀ ಇದು?"

"ನೀವು ಹೇಳೋ ಇಪ್ಪತ್ನಾಲ್ಕು ಇಲ್ಲಿ ಮಾತ್ರ ಇದೆ ಸಾರ್. ಅದಕ್ಕೇ ಕರ್ಕೊಂಡ್ ಬಂದೆ."

ಅತ್ತೆ ತಿರುಗುವ ಕುರ್ಚಿ ಹಿಡಿದರು. ಪರದೆಯ ಸರಳಿಗೆ ಡ್ರಿಪ್ ಬಾಟಲಿಗಳು ನೇತಾಡಿದವು. ಅರ್ಧ ಗಂಟೆ ಸ್ವರ್ಗಸುಖ. ಆಮೇಲೆ ಕರೆಂಟು ಹೋಯಿತು. ಮೇಲೆ ತಗಡಿನ ಮಾಡು, ಬಣ್ಣ ಬಳಿದು ಅಂಟಿಹೋದ ಕಿಟಕಿಗಳು. ಸಿಸ್ಟರ್ ಸುಸ್ತಾದವರನ್ನು ಕೂಡಲೇ ಹೊರಗಿನ ಮರದಡಿಗೆ ಸಾಗಿಸಿದಳು. ಗಟ್ಟಿಯಾಗಿದ್ದವರು ಮಾತ್ರ ತಾಪಮಾಪಕದ ಗೋಡೆ ಬಿಟ್ಟು ಕದಲಲಿಲ್ಲ. ಮೂವತ್ತೊಂದು, ಮೂವತ್ತಾರು, ಮೂವತ್ತೊಂಬತ್ತೂವರೆ. ಅಲ್ಲಿಗೆ ನಿಂತುಹೋಯಿತು.

ಸಾಹೇಬರು ಬೆವರೊರೆಸಿಕೊಳ್ಳುತ್ತಾ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿ, "ಉಸ್ಸಪ್ಪಾ!" ಎಂದು ಹಿಂದೆ ಸರಿಯುವಷ್ಟರಲ್ಲಿ ಅದು ನಲವತ್ತು ದಾಟಿತು!

ಚಪ್ಪಾಳೆ ಬಿದ್ದಿತು. ಅದರ ಹಿಂದೆಯೇ ಸಾಹೇಬರೂ ಬಿದ್ದರು.

ಸಿಸ್ಟರ್ ಅವರನ್ನು ನೆರಳಿಗೆ ಎಳೆಸಿ, ಒದ್ದೆ ಬಟ್ಟೆ ಹೊದಿಸಿ, ಎಚ್ಚರವಾದ ಮೇಲೆ ಉಪ್ಪು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

"ಏನು ಕಾಯಿಲೆ ಬರೀಲಿ ಸಾರ್?"

"ಬಿಸಿಲು ಅಂತ್ಲೇ ಬರೀರಮ್ಮ," ಎಂದರು ಅವರು, ಕಣ್ಣು ಮುಚ್ಚಿಕೊಂಡೇ.

ಮರುದಿನವೇ ಚಪ್ಪರ ಬಂತು, ನೀರಿನ ಡ್ರಮ್ಮುಗಳೂ ಬಂದವು. ಬಿಸಿಲು ಹೊಡೆದ ಗುರುತುಗಳನ್ನೂ ಆಗ ಮಾಡಬೇಕಾದದ್ದನ್ನೂ ಸಿಸ್ಟರ್ ಬೀದಿಬೀದಿಯ ಜನಕ್ಕೆ ಕಲಿಸಿದಳು. ಎಲ್ಲರಿಗಿಂತ ಚೆನ್ನಾಗಿ ಕಲಿತವರು ಅತ್ತೆ. ಮಧ್ಯಾಹ್ನ ಯಾರಾದರೂ ಬಿಸಿಲಲ್ಲಿ ದುಡಿಯುವುದು ಕಂಡರೆ ಸಾಕು, ಕೊಡೆ ಬೀಸುತ್ತಾ ಹೋಗಿ, ಏಳು ತಲೆಮಾರನ್ನೂ ಬೈದು ನೆರಳಿಗೆ ಅಟ್ಟುತ್ತಿದ್ದರು. ಆ ಬೇಸಿಗೆಯಲ್ಲಿ ಯಾರೂ ಸಾಯಲಿಲ್ಲ.